ಮಿಂಚಂಚೆಯ ಕಡತಗಳೂ ಪಾಠೈಕ್ಯವೂ

ಕನ್ನಡದಲ್ಲಿ ಪತ್ರಕ್ಕೆ ‘ಓಲೆ’ ಎಂಬ ಹೆಸರುಂಟು. ‘ಕಾಗದ’ ಎಂಬ ಹೆಸರೂ ಉಂಟು. ಸಂಸ್ಕೃತದಿಂದ ಬಂದ ‘ಪತ್ರ’ ಎಂಬ ಶಬ್ದಕ್ಕೂ ಎಲೆಯೆಂಬುದೇ ಮೊದಲ ಅರ್ಥ. ಈ ಮೂರೂ ಬರೆದ ವಿಷಯದ ಹೆಸರುಗಳಲ್ಲ, ಬರೆಯುವುದಕ್ಕೆ ಆಧಾರವಾದ ವಸ್ತುವಿನ ಹೆಸರುಗಳು. ತಾಳೆಯ ಗರಿಯಾಗಲಿ ಕಾಗದದ ಹಾಳೆಯಾಗಲಿ ಒಂದು ಕಾಲದಲ್ಲಿ ಒಂದೇ ಸ್ಥಳದಲ್ಲಿರುವ ವಸ್ತು. ಅದು ಪೆಟ್ಟಿಗೆಯಲ್ಲಿದ್ದರೆ ಜೇಬಿನಲ್ಲಿಲ್ಲ, ಜೇಬಿನಲ್ಲಿದ್ದರೆ ಪೆಟ್ಟಿಗೆಯಲ್ಲಿಲ್ಲ. ಆದುದರಿಂದ ‘ಪತ್ರವೆಲ್ಲಿ?’ ಎಂಬ ಪ್ರಶ್ನೆಗೆ ಹಿಂದಿನವರ ಬಳಿ ಒಂದೇ ಉತ್ತರವಿರುತ್ತಿತ್ತು. ಈಗಿನ ಮಿಂಚಂಚೆಗಾದರೋ ಗರಿಯಿಲ್ಲ, ಹಾಳೆಯಿಲ್ಲ. ಅದೇ ಪತ್ರ ಅದೇ ಗಳಿಗೆಯಲ್ಲಿ ಕಾರ್ಯಾಲಯದ ಮೇಜಿನ ಮೇಲಿರುವ ಡೆಸ್ಕ್‌ಟಾಪ್ ಗಣಕಯಂತ್ರದಲ್ಲೂ ಚೀಲದಲ್ಲಿಟ್ಟು ಒಯ್ಯುವ ಲ್ಯಾಪ್‌ಟಾಪಿನಲ್ಲೂ ಇರಬಲ್ಲುದು. ಇದು ದೊಡ್ಡ ಅನುಕೂಲವೆಂಬುದು ನಿರ್ವಿವಾದ. ಆದರೆ ಎರಡು ಕಡೆ ಇರಬಲ್ಲ ಪತ್ರವು ಎರಡು ಬಗೆಯಾಗಿಯೂ ಇರಬಲ್ಲುದೆಂಬುದನ್ನು ಹೆಚ್ಚಿನವರು ಮರೆತಿದ್ದಾರೆ. ಅದರ ಫಲವನ್ನು ಶಾಲೆಗಳೂ ಸಂಘಸಂಸ್ಥೆಗಳೂ ಮನೆಗಳೂ ಅನುಭವಿಸುತ್ತಿವೆ.

ಈ ವಿಷಯದಲ್ಲಿ ‘ಕಡತ’ವೆಂಬ ಶಬ್ದದ ಇತಿಹಾಸವನ್ನು ನೆನೆಯುವುದು ಉಪಯುಕ್ತ. ಇಂದು ಸರಕಾರಿ ಕನ್ನಡದಲ್ಲಿ ಫೈಲು ಎಂಬುದಕ್ಕೆ ಕಡತವೆನ್ನುತ್ತಾರೆ. ಗಣಕಯಂತ್ರದ ಫೈಲಿಗೂ ಇದೇ ಶಬ್ದ ಸಂದಿದೆ. ಮೂಲತಃ ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ ಮಡಿಕೆಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರೂ ವರ್ತಕರೂ ಲೆಕ್ಕಪತ್ರಗಳನ್ನು ಇದರಲ್ಲಿ ಇಡುತ್ತಿದ್ದರು. ಇದರ ವಿಶೇಷವೇನೆಂದರೆ, ಬೇಡವಾದ ಬರಹವನ್ನು ಒರಸಿ ಅದೇ ಸ್ಥಳದಲ್ಲಿ ಮತ್ತೆ ಬರೆಯಬಹುದಾಗಿತ್ತು. ಶಿಲಾಶಾಸನದಲ್ಲಾಗಲಿ ತಾಮ್ರಪಟದಲ್ಲಾಗಲಿ ತಿದ್ದಿದರೆ ಗುರುತು ಉಳಿಯುತ್ತದೆ, ಕಡತದಲ್ಲಿ ಉಳಿಯದು. ಗಣಕಯಂತ್ರದ ಫೈಲು ಈ ಗುಣದಲ್ಲಿ ನಿಜವಾಗಿ ಕಡತವೇ. ಅದನ್ನು ತಾಮ್ರಪಟವೆಂದು ನಂಬಿ ವ್ಯವಹರಿಸುವವರು ಮೋಸಹೋಗುತ್ತಾರೆ.

ಎರಡು ಯಂತ್ರಗಳಲ್ಲಿರುವ ಪತ್ರಗಳನ್ನು ಒಂದೇ ಬಗೆಯಾಗಿ ಇಡುವ ಕಾರ್ಯಕ್ಕೆ ಇಂಗ್ಲಿಷಿನಿಂದ ಬಂದ ‘ಸಿಂಕ್’ ಎಂಬ ಶಬ್ದವು ಬಳಕೆಯಲ್ಲಿದೆ. ಅದರ ಪೂರ್ಣರೂಪವಾದ ‘ಸಿಂಕ್ರನೈಸೇಷನ್’ ಎಂಬುದರ ಮೂಲ ಗ್ರೀಕ್ ಭಾಷೆಯಲ್ಲಿದೆ. ‘ಕೂಡಿದ ಕಾಲ’ವೆಂಬುದು ಅದರ ಅವಯವಾರ್ಥ. ಇದನ್ನನುಸರಿಸಿ ‘ಸಮಕಾಲೀಕರಣ’ವೆಂದು ಕೆಲವರು ಕನ್ನಡಿಸಿದ್ದಾರೆ. ಶಬ್ದವು ತಪ್ಪೆನ್ನಲಾಗದು. ಆದರೆ ಇಲ್ಲಿಯ ಸಮಸ್ಯೆ ಕಾಲದ್ದಲ್ಲ, ಪಾಠದ್ದು. ಎರಡು ಗಡಿಯಾರಗಳು ಒಂದೇ ಹೊತ್ತನ್ನು ತೋರಿಸುವಂತೆ ಮಾಡುವುದು ಬೇರೆ. ಎರಡು ಪ್ರತಿಗಳು ಒಂದೇ ಪಾಠವನ್ನು ಹೇಳುವಂತೆ ಮಾಡುವುದು ಬೇರೆ. ಆದುದರಿಂದ ‘ಪಾಠೈಕ್ಯ’ವೆಂದರೆ ವಿಷಯವು ಹೆಚ್ಚು ಸ್ಫುಟವಾಗುತ್ತದೆ. ಬಳಕೆಗೆ ‘ಸಿಂಕ್’ ಎಂಬುದೇ ಇರಲಿ. ಅರ್ಥವು ಮಾತ್ರ ಪಾಠೈಕ್ಯವೆಂದು ಮನಸ್ಸಿನಲ್ಲಿರಲಿ.

ಈ ತೊಡಕು ಹೇಗೆ ಹುಟ್ಟಿತೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರವನ್ನು ಕಳುಹಿಸುವ ಪ್ರಯೋಗವನ್ನು ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರರು 1971ರಲ್ಲಿ ಮಾಡಿದರು. ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ಇಂದು ಎಲ್ಲರೂ ಬಳಸುವ ‘ಆ್ಯಟ್’ ಚಿಹ್ನೆಯನ್ನು ಇಟ್ಟವರೂ ಅವರೇ. ಆಗ ಪತ್ರಗಳು ಅನೇಕರು ಹಂಚಿಕೊಂಡು ಬಳಸುವ ದೊಡ್ಡ ಯಂತ್ರದಲ್ಲೇ ಇರುತ್ತಿದ್ದವು. ಓದುವವನು ಆ ಯಂತ್ರಕ್ಕೇ ಹೋಗಿ ಓದುತ್ತಿದ್ದನು. ಅನಂತರ ಒಬ್ಬೊಬ್ಬರ ಮೇಜಿಗೂ ಚಿಕ್ಕ ಯಂತ್ರಗಳು ಬಂದವು. ಅವು ರಾತ್ರಿ ಆರಿರುತ್ತವೆ. ಆರಿದ ಯಂತ್ರಕ್ಕೆ ಪತ್ರವನ್ನು ತಲುಪಿಸುವುದು ಹೇಗೆ? ಇದಕ್ಕಾಗಿ 1984ರಲ್ಲಿ ‘ಪೋಸ್ಟ್ ಆಫೀಸ್ ಪ್ರೋಟೊಕಾಲ್’ ಎಂಬ ನಿಯಮಾವಳಿಯ ಮೊದಲ ರೂಪವು ಪ್ರಕಟವಾಯಿತು. ಅದನ್ನು ಸಂಕ್ಷೇಪವಾಗಿ ‘ಪಾಪ್’ ಎನ್ನುತ್ತಾರೆ. ಇಂದಿಗೂ ಬಳಕೆಯಲ್ಲಿರುವ ಅದರ ಮೂರನೆಯ ರೂಪವು 1988ರದು.

ಪಾಪ್ ಎಂಬುದರ ಹೆಸರೇ ಅದರ ಸ್ವಭಾವವನ್ನು ಹೇಳುತ್ತದೆ. ಅಂಚೆಕಛೇರಿಗೆ ಹೋಗಿ ತನ್ನ ಹೆಸರಿಗೆ ಬಂದ ಕಾಗದಗಳನ್ನೆಲ್ಲ ಮನೆಗೆ ತಂದರೆ ಕಛೇರಿಯಲ್ಲಿ ಏನೂ ಉಳಿಯದು. ಅಂತೆಯೇ ಪಾಪ್ ಪದ್ಧತಿಯಲ್ಲಿ ಸರ್ವರ್ ಎಂಬ ಕೇಂದ್ರಯಂತ್ರದಿಂದ ಪತ್ರಗಳು ಬಳಕೆದಾರನ ಯಂತ್ರಕ್ಕೆ ಇಳಿಯುತ್ತವೆ. ಇಳಿದ ಮೇಲೆ ಕೇಂದ್ರದಲ್ಲಿರುವ ಪ್ರತಿಯನ್ನು ಅಳಿಸುವುದು ಇದರ ಸಾಮಾನ್ಯ ಕ್ರಮ. ಒಬ್ಬನಿಗೆ ಒಂದೇ ಯಂತ್ರವಿದ್ದ ಕಾಲಕ್ಕೆ ಇದು ಸಾಕಾಗಿತ್ತು. ಒಬ್ಬನಿಗೆ ಎರಡು ಯಂತ್ರಗಳಾದಾಗ ಮಾತ್ರ ಕಾಗದಗಳನ್ನು ಮನೆಗೆ ತಂದವರು ಯಾರು, ಯಾವ ಮನೆಗೆ ತಂದರು ಎಂಬ ಪ್ರಶ್ನೆ ಎದ್ದಿತು.

ಒಂದು ಪ್ರೌಢಶಾಲೆಯ ಕಾರ್ಯಾಲಯವನ್ನು ಊಹಿಸಿಕೊಳ್ಳಬಹುದು. ಗುಮಾಸ್ತರ ಮೇಜಿನ ಮೇಲೆ ಡೆಸ್ಕ್‌ಟಾಪ್ ಇದೆ. ಮುಖ್ಯೋಪಾಧ್ಯಾಯರ ಬಳಿ ಲ್ಯಾಪ್‌ಟಾಪ್ ಇದೆ. ಎರಡರಲ್ಲೂ ಶಾಲೆಯ ಒಂದೇ ಅಂಚೆವಿಳಾಸ. ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯ ಜನ್ಮದಿನಾಂಕವು ದಾಖಲೆಯಲ್ಲಿ ತಪ್ಪಾಗಿದೆ. ತಿದ್ದುಪಡಿಗೆ ಕೊನೆಯ ದಿನವನ್ನು ತಿಳಿಸಿ ಪರೀಕ್ಷಾ ಮಂಡಳಿಯಿಂದ ಪತ್ರ ಬರುತ್ತದೆ. ಬೆಳಗ್ಗೆ ಡೆಸ್ಕ್‌ಟಾಪ್ ತೆರೆದ ಕೂಡಲೇ ಆ ಪತ್ರವು ಅದರೊಳಕ್ಕೆ ಇಳಿದು ಕೇಂದ್ರದಿಂದ ಮಾಯವಾಗುತ್ತದೆ. ಗುಮಾಸ್ತರು ಬೇರೆ ಪತ್ರಗಳ ನಡುವೆ ಅದನ್ನು ಗಮನಿಸಲಿಲ್ಲ. ಜಿಲ್ಲಾ ಕೇಂದ್ರದಲ್ಲಿ ಸಭೆಗೆ ಹೋದ ಮುಖ್ಯೋಪಾಧ್ಯಾಯರು ಲ್ಯಾಪ್‌ಟಾಪಿನಲ್ಲಿ ನೋಡಿದರೆ ಪತ್ರವೇ ಇಲ್ಲ. ಬಂದಿಲ್ಲವೆಂದೇ ಅವರು ತಿಳಿಯುತ್ತಾರೆ. ಇಬ್ಬರೂ ಕರ್ತವ್ಯಲೋಪ ಮಾಡಿದವರಲ್ಲ, ಇಬ್ಬರೂ ಸುಳ್ಳು ಹೇಳಿದವರಲ್ಲ. ಆದರೂ ದಿನ ಕಳೆಯಿತು. ತಪ್ಪಾದ ದಿನಾಂಕವನ್ನು ಹೊತ್ತು ಆ ಹುಡುಗಿ ಮುಂದೆ ಎಷ್ಟು ಕಛೇರಿಗಳ ಮೆಟ್ಟಲು ಹತ್ತಬೇಕಾದೀತೆಂಬುದನ್ನು ಅಂಥ ಕಷ್ಟವನ್ನುಂಡವರೇ ಬಲ್ಲರು. ಯಂತ್ರಗಳ ಒಳಗಿನ ಚಿಕ್ಕ ಏರ್ಪಾಡು ಮಾತ್ರವೆಂದು ತೋರುವ ವಿಷಯವು ಹೀಗೆ ಒಂದು ಜೀವದ ವಿಷಯವಾಗುತ್ತದೆ.

ಪಾಪ್ ಪದ್ಧತಿಯಲ್ಲಿಯೂ ಕೇಂದ್ರದಲ್ಲಿ ಪ್ರತಿಯನ್ನು ಉಳಿಸುವಂತೆ ಹೇಳಲು ಅವಕಾಶವಿದೆ. ಹಾಗೆ ಮಾಡಿದರೆ ಬಂದ ಪತ್ರವು ಎರಡು ಯಂತ್ರಗಳಿಗೂ ತಲುಪುತ್ತದೆ. ಆದರೆ ಸಮಸ್ಯೆ ಅರ್ಧ ಮಾತ್ರ ತೀರಿತು. ಡೆಸ್ಕ್‌ಟಾಪಿನಿಂದ ಕಳುಹಿಸಿದ ಉತ್ತರದ ಪ್ರತಿ ಡೆಸ್ಕ್‌ಟಾಪಿನಲ್ಲೇ ಉಳಿಯುತ್ತದೆ. ಲ್ಯಾಪ್‌ಟಾಪಿನವರು ಉತ್ತರ ಹೋಗಿಲ್ಲವೆಂದು ತಿಳಿದು ಇನ್ನೊಂದು ಉತ್ತರವನ್ನು, ಬಹುಶಃ ಮೊದಲಿನದಕ್ಕೆ ವಿರುದ್ಧವಾದುದನ್ನು, ಬರೆಯುತ್ತಾರೆ. ಒಂದರಲ್ಲಿ ಓದಿದ ಪತ್ರವು ಇನ್ನೊಂದರಲ್ಲಿ ಓದದ ಪತ್ರವಾಗಿಯೇ ತೋರುತ್ತದೆ. ಒಂದರಲ್ಲಿ ವಿಷಯವಾರು ವಿಂಗಡಿಸಿಟ್ಟ ಪತ್ರಗಳು ಇನ್ನೊಂದರಲ್ಲಿ ರಾಶಿಯಾಗಿ ಬಿದ್ದಿರುತ್ತವೆ. ಬಂದುದು ಒಂದಾಯಿತು, ಮಾಡಿದುದು ಒಂದಾಗಲಿಲ್ಲ.

ಇದಕ್ಕೆ ಪರಿಹಾರವಾಗಿ ಹಲವರು ಪತ್ರಗಳ ಫೈಲನ್ನೇ ಪೆನ್‌ಡ್ರೈವಿನಲ್ಲಿ ಹೊತ್ತು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುತ್ತಾರೆ. ಸಂಜೆ ಡೆಸ್ಕ್‌ಟಾಪಿನಿಂದ ಲ್ಯಾಪ್‌ಟಾಪಿಗೆ, ಬೆಳಗ್ಗೆ ಲ್ಯಾಪ್‌ಟಾಪಿನಿಂದ ಡೆಸ್ಕ್‌ಟಾಪಿಗೆ. ಒಂದು ದಿನವೂ ತಪ್ಪದೆ, ದಿಕ್ಕು ತಪ್ಪದೆ ಮಾಡಿದರೆ ಇದು ನಡೆಯುತ್ತದೆ. ಒಂದು ದಿನ ಮರೆತು ಎರಡೂ ಕಡೆ ಕೆಲಸ ಮಾಡಿದರೆ ಮುಗಿಯಿತು. ಆಮೇಲೆ ಯಾವುದನ್ನು ಯಾವುದರ ಮೇಲೆ ಬರೆದರೂ ಒಂದು ದಿನದ ಪತ್ರಗಳು ನಾಶವಾಗುತ್ತವೆ. ಹೊಸ ಫೈಲು ಹಳೆಯ ಫೈಲನ್ನು ನುಂಗುವಾಗ ಸದ್ದಾಗುವುದಿಲ್ಲ.

ಫೈಲಿನ ರಚನೆಯೂ ಇಲ್ಲಿ ಮುಖ್ಯವಾದುದು. ಯುನಿಕ್ಸ್ ಯಂತ್ರಗಳಿಂದ ಬಂದ ‘ಎಂಬಾಕ್ಸ್’ ಎಂಬ ಹಳೆಯ ಕ್ರಮದಲ್ಲಿ ಒಂದು ಕೋಶದ ಪತ್ರಗಳೆಲ್ಲವೂ ಒಂದೇ ಉದ್ದವಾದ ಫೈಲಿನಲ್ಲಿ ಒಂದರ ಕೆಳಗೊಂದು ಇರುತ್ತವೆ. ಥಂಡರ್‌ಬರ್ಡ್ ಎಂಬ ಪ್ರಸಿದ್ಧ ತಂತ್ರಾಂಶವು ಸಾಮಾನ್ಯವಾಗಿ ಈ ಕ್ರಮವನ್ನೇ ಬಳಸುತ್ತದೆ. ಸಾವಿರ ಪತ್ರಗಳಿಗೆ ಒಂದು ಪತ್ರ ಸೇರಿದರೂ ಇಡೀ ಫೈಲು ಬದಲಾದಂತೆಯೇ. ಎರಡು ಯಂತ್ರಗಳಲ್ಲಿ ಒಂದೊಂದು ಪತ್ರ ಬೇರೆಬೇರೆಯಾಗಿ ಸೇರಿದರೆ, ಫೈಲನ್ನು ಫೈಲಾಗಿ ಮಾತ್ರ ನೋಡುವವನಿಗೆ ಎರಡು ಬೇರೆ ಗ್ರಂಥಗಳೇ ಕಾಣುತ್ತವೆ. ಡೇನಿಯಲ್ ಬರ್ನ್‌ಸ್ಟೀನ್ ಎಂಬ ಗಣಿತಜ್ಞರು 1990ರ ದಶಕದಲ್ಲಿ ತಮ್ಮ ‘ಕ್ಯೂಮೇಲ್’ ತಂತ್ರಾಂಶಕ್ಕಾಗಿ ರೂಪಿಸಿದ ‘ಮೇಲ್‌ಡಿರ್’ ಎಂಬ ಕ್ರಮದಲ್ಲಾದರೋ ಒಂದೊಂದು ಪತ್ರವೂ ಒಂದೊಂದು ಪ್ರತ್ಯೇಕ ಫೈಲು. ಪ್ರತಿಯೊಂದಕ್ಕೂ ಬೇರೆಲ್ಲಿಯೂ ಇರದ ಹೆಸರು. ಓದಿದುದೋ ಉತ್ತರಿಸಿದುದೋ ಎಂಬ ಗುರುತನ್ನು ಫೈಲಿನ ಹೆಸರಿನ ಕೊನೆಗೆ ಸೇರಿಸುತ್ತಾರೆ. ಓಲೆಗಳನ್ನು ಕಟ್ಟಾಗಿ ಹೊಲಿಯದೆ ಒಂದೊಂದನ್ನೇ ಅಂಕಿತ ಹಾಕಿ ಇಟ್ಟಂತೆ ಇದು. ಎರಡು ಯಂತ್ರಗಳನ್ನು ಹೋಲಿಸಲು ಮೇಲ್‌ಡಿರ್ ಕ್ರಮವೇ ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ.

ಆದರೂ ಒಂದು ಕಠಿನವಾದ ಪ್ರಶ್ನೆ ಉಳಿಯುತ್ತದೆ. ಹಸ್ತಪ್ರತಿಗಳೊಡನೆ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಒಂದು ಕಾವ್ಯದ ಎರಡು ಓಲೆಪ್ರತಿಗಳಿವೆ. ಒಂದರಲ್ಲಿ ಒಂದು ಪದ್ಯವಿದೆ, ಇನ್ನೊಂದರಲ್ಲಿಲ್ಲ. ಇಲ್ಲದ ಪ್ರತಿಯ ಲಿಪಿಕಾರನು ಅದನ್ನು ಬಿಟ್ಟನೋ, ಇರುವ ಪ್ರತಿಯ ಲಿಪಿಕಾರನು ತಾನೇ ಸೇರಿಸಿದನೋ? ಮೊದಲನೆಯದಾದರೆ ಅದು ಲೋಪ; ಎರಡನೆಯದಾದರೆ ಪ್ರಕ್ಷೇಪ. ಎರಡು ಪ್ರತಿಗಳನ್ನಷ್ಟೇ ಮುಂದಿಟ್ಟುಕೊಂಡು ಇದನ್ನು ನಿರ್ಣಯಿಸುವುದು ಕಷ್ಟ. ಅವೆರಡಕ್ಕೂ ಮಾತೃಕೆಯಾದ ಪ್ರತಿಯೊಂದು ದೊರೆತರೆ ಸಂದೇಹ ಬಹುಮಟ್ಟಿಗೆ ತೀರುತ್ತದೆ. ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ಯಂಥ ಕೃತಿಗಳು ಹುಟ್ಟಿದುದು ಇಂತಹ ಪ್ರಶ್ನೆಗಳಿಗೆ ಶಾಸ್ತ್ರೀಯವಾದ ಉತ್ತರವನ್ನು ಹುಡುಕುವುದಕ್ಕಾಗಿಯೇ.

ಮಿಂಚಂಚೆಯ ವಿಷಯದಲ್ಲಿಯೂ ಪ್ರಶ್ನೆ ಇದೇ. ಡೆಸ್ಕ್‌ಟಾಪಿನಲ್ಲಿ ಒಂದು ಪತ್ರವಿದೆ, ಲ್ಯಾಪ್‌ಟಾಪಿನಲ್ಲಿಲ್ಲ. ಅದು ಲ್ಯಾಪ್‌ಟಾಪಿಗೆ ಇನ್ನೂ ತಲುಪಿಲ್ಲವೋ, ಅಥವಾ ತಲುಪಿದ ಮೇಲೆ ಬೇಡವೆಂದು ಅಳಿಸಿದ್ದಾರೋ? ತಲುಪಿಲ್ಲವಾದರೆ ಸೇರಿಸಬೇಕು, ಅಳಿಸಿದ್ದರೆ ಡೆಸ್ಕ್‌ಟಾಪಿನಲ್ಲೂ ಅಳಿಸಬೇಕು. ಎರಡು ಕ್ರಿಯೆಗಳೂ ಪರಸ್ಪರ ವಿರುದ್ಧ. ನೋಟಕ್ಕೆ ಮಾತ್ರ ಎರಡೂ ಸಂದರ್ಭಗಳು ಒಂದೇ. ಗಡಿಯಾರವನ್ನು ನೋಡಿ ತೀರ್ಮಾನಿಸೋಣವೆಂದರೆ ಎರಡು ಯಂತ್ರಗಳ ಗಡಿಯಾರಗಳೂ ಒಪ್ಪುವುದೆಂಬ ಭರವಸೆಯಿಲ್ಲ. ಬೇರೆಬೇರೆ ಯಂತ್ರಗಳಲ್ಲಿ ನಡೆದ ಘಟನೆಗಳ ಹಿಂದುಮುಂದನ್ನು ಗೋಡೆಯ ಗಡಿಯಾರದಿಂದ ನಿಶ್ಚಯಿಸಲು ಹೊರಡುವುದರ ತೊಡಕನ್ನು ಲೆಸ್ಲೀ ಲ್ಯಾಂಪೋರ್ಟ್ ಎಂಬ ವಿದ್ವಾಂಸರು 1978ರಷ್ಟು ಹಿಂದೆಯೇ ಒಂದು ಪ್ರಸಿದ್ಧ ಪ್ರಬಂಧದಲ್ಲಿ ವಿವೇಚಿಸಿದ್ದಾರೆ.

ಈ ತೊಡಕನ್ನು ಬಿಡಿಸುವ ಸಾಧನಗಳಿಲ್ಲವೆಂದಲ್ಲ. ಆ್ಯಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಅವರು 1996ರಲ್ಲಿ ಹೊರತಂದ ‘ಆರ್‌ಸಿಂಕ್’ ಎಂಬ ಸಾಧನವು ಫೈಲುಗಳಲ್ಲಿ ಬದಲಾದ ಭಾಗವನ್ನು ಮಾತ್ರ ಸಾಗಿಸುವುದರಲ್ಲಿ ಬಹಳ ಚತುರವಾದುದು. ಆದರೆ ಅದು ಸಾಗಿಸುವುದು ಒಂದೇ ದಿಕ್ಕಿನಲ್ಲಿ. ಯಾವುದು ಮೂಲ, ಯಾವುದು ಪ್ರತಿ ಎಂಬುದನ್ನು ಮನುಷ್ಯನೇ ಮೊದಲು ಹೇಳಬೇಕು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬೆಂಜಮಿನ್ ಪಿಯರ್ಸ್ ಅವರ ನೇತೃತ್ವದಲ್ಲಿ ರೂಪುಗೊಂಡ ‘ಯೂನಿಸನ್’ ಎಂಬುದು ಎರಡು ದಿಕ್ಕಿನಲ್ಲೂ ಕೆಲಸ ಮಾಡುತ್ತದೆ. ಅದರ ಉಪಾಯವು ಗ್ರಂಥಸಂಪಾದಕನ ಉಪಾಯವನ್ನೇ ಹೋಲುತ್ತದೆ. ಹಿಂದಿನ ಬಾರಿ ಎರಡೂ ಕಡೆ ಒಪ್ಪಿಗೆಯಾದಾಗ ಸ್ಥಿತಿ ಹೇಗಿತ್ತೆಂಬುದನ್ನು ಅದು ಬರೆದಿಟ್ಟುಕೊಳ್ಳುತ್ತದೆ. ಅದೇ ಮಾತೃಕೆ. ಮಾತೃಕೆಯಲ್ಲಿದ್ದು ಒಂದು ಕಡೆ ಇಲ್ಲವಾದರೆ ಅಳಿಸಿದ್ದಾರೆಂದೂ, ಮಾತೃಕೆಯಲ್ಲಿಲ್ಲದೆ ಒಂದು ಕಡೆ ಇದ್ದರೆ ಹೊಸದೆಂದೂ ನಿರ್ಣಯಿಸುತ್ತದೆ. ಎರಡೂ ಕಡೆ ಬೇರೆಬೇರೆಯಾಗಿ ಬದಲಾಗಿದ್ದರೆ ತಾನೇ ತೀರ್ಪು ಕೊಡದೆ ಮನುಷ್ಯನನ್ನು ಕೇಳುತ್ತದೆ. ತನಗೆ ತಿಳಿಯದುದನ್ನು ತಿಳಿದಂತೆ ನಟಿಸದಿರುವ ಈ ಗುಣ ಸ್ತುತ್ಯರ್ಹ.

ಆದರೆ ಶಾಲೆಯ ಗುಮಾಸ್ತರೂ ಮನೆಯ ಹಿರಿಯರೂ ಇಂತಹ ಸಾಧನಗಳನ್ನು ದಿನವೂ ನಡೆಸಲೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅವರಿಗೆ ಬೇಕಾದುದು ಮಾತೃಕೆಯನ್ನು ಎಲ್ಲರಿಗೂ ಎಟಕುವ ಒಂದೆಡೆ ಇಟ್ಟು, ಯಂತ್ರಗಳೆರಡೂ ಅದನ್ನೇ ನೋಡುವಂತೆ ಮಾಡುವ ಕ್ರಮ. ಅದೃಷ್ಟವಶಾತ್ ಆ ಕ್ರಮವೂ ಹಳೆಯದೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬುವರು 1986ರಲ್ಲಿ ರೂಪಿಸಿದ ‘ಐಮ್ಯಾಪ್’ ಎಂಬ ನಿಯಮಾವಳಿಯಲ್ಲಿ ಪತ್ರಗಳು ಕೇಂದ್ರದಲ್ಲೇ ಉಳಿಯುತ್ತವೆ. ಓದಿದುದು, ಉತ್ತರಿಸಿದುದು, ಮುಖ್ಯವೆಂದು ಗುರುತಿಸಿದುದು, ಅಳಿಸತಕ್ಕುದು, ಕರಡು ಎಂಬ ಚಿಹ್ನೆಗಳೂ ಕೇಂದ್ರದಲ್ಲೇ ಇರುತ್ತವೆ. ಪ್ರತಿಯೊಂದು ಕೋಶದ ಪ್ರತಿಯೊಂದು ಪತ್ರಕ್ಕೂ ಒಂದು ಕ್ರಮಾಂಕವಿರುತ್ತದೆ. ಡೆಸ್ಕ್‌ಟಾಪಿನಲ್ಲಿ ಓದಿದರೆ ಲ್ಯಾಪ್‌ಟಾಪಿನಲ್ಲಿಯೂ ಓದಿದಂತೆ. ಅಲ್ಲಿಂದ ಉತ್ತರಿಸಿ ಪ್ರತಿಯನ್ನು ಕೇಂದ್ರದ ‘ಕಳುಹಿಸಿದ ಪತ್ರಗಳ’ ಕೋಶದಲ್ಲಿಟ್ಟರೆ ಇಲ್ಲಿಯೂ ಕಾಣುತ್ತದೆ. ಜಾಲಸಂಪರ್ಕವಿಲ್ಲದಾಗ ಓದಲು ಯಂತ್ರದಲ್ಲಿ ಒಂದು ಪ್ರತಿಯನ್ನು ಇಟ್ಟುಕೊಳ್ಳಬಹುದು. ಆದರೆ ಪ್ರಮಾಣ ಕೇಂದ್ರದ್ದೇ. 2003ರಲ್ಲಿ ನೆಲೆಗೊಂಡ ಇದರ ರೂಪವು ದೀರ್ಘಕಾಲ ನಡೆಯಿತು. 2021ರಲ್ಲಿ ಪರಿಷ್ಕೃತ ರೂಪವೂ ಬಂದಿದೆ.

ಆದುದರಿಂದ ಒಂದೇ ವಿಳಾಸವನ್ನು ಎರಡು ಯಂತ್ರಗಳಲ್ಲಿ ಬಳಸುವವರೆಲ್ಲರೂ ಪಾಪ್ ಪದ್ಧತಿಯನ್ನು ಬಿಟ್ಟು ಐಮ್ಯಾಪ್ ಅಥವಾ ಅದರಂತೆ ಪತ್ರಗಳನ್ನು ಕೇಂದ್ರದಲ್ಲೇ ಇಡುವ ಪದ್ಧತಿಯನ್ನು ಹಿಡಿಯತಕ್ಕುದು. ಎರಡೂ ಯಂತ್ರಗಳಲ್ಲಿ ಒಂದೇ ಪದ್ಧತಿ ಇರತಕ್ಕುದು. ಒಂದರಲ್ಲಿ ಐಮ್ಯಾಪ್, ಇನ್ನೊಂದರಲ್ಲಿ ಅಳಿಸುವ ಪಾಪ್ ಇದ್ದರೆ ಒಬ್ಬನು ತುಂಬಿದ ಹಗೇವನ್ನು ಇನ್ನೊಬ್ಬನು ಬರಿದು ಮಾಡಿದಂತಾಗುತ್ತದೆ. ‘ಸ್ಥಳೀಯ ಕೋಶ’ವೆಂದು ತಂತ್ರಾಂಶವು ತೋರಿಸುವ ಕೋಶಗಳಿಗೆ ಪತ್ರಗಳನ್ನು ಸರಿಸಿದರೆ ಅವು ಕೇಂದ್ರದಿಂದ ಹೊರಬಿದ್ದು ಆ ಒಂದು ಯಂತ್ರದಲ್ಲಿ ಮಾತ್ರ ಉಳಿಯುತ್ತವೆಂಬುದು ನೆನಪಿರಬೇಕು. ವಿಳಾಸಪಟ್ಟಿಯನ್ನು ಐಮ್ಯಾಪ್ ಸಾಗಿಸದು. ಅದಕ್ಕೆ ಬೇರೆ ಏರ್ಪಾಡು ಬೇಕು. ಪತ್ರದ ತಂತ್ರಾಂಶವು ತೆರೆದಿರುವಾಗ ಅದರ ಫೈಲುಗಳನ್ನು ನಕಲು ಮಾಡಬಾರದು. ಬರೆಯುತ್ತಿರುವ ಓಲೆಯನ್ನು ಕೈಯಿಂದ ಎಳೆದು ನಕಲು ಮಾಡಹೊರಟರೆ ಎರಡೂ ಕೆಡುತ್ತವೆ.

ಇಷ್ಟಕ್ಕೇ ನಿಶ್ಚಿಂತರಾಗುವವರಿಗೆ ಇನ್ನೊಂದು ಎಚ್ಚರಿಕೆಯನ್ನು ಹೇಳದೆ ವಿಧಿಯಿಲ್ಲ. ಪಾಠೈಕ್ಯವು ರಕ್ಷಣೆಯಲ್ಲ. ಎರಡು ಯಂತ್ರಗಳೂ ಕೇಂದ್ರದೊಡನೆ ಒಂದಾಗಿವೆಯೆಂದರೆ ಪತ್ರಕ್ಕೆ ಮೂರು ಪ್ರತಿಗಳಿವೆಯೆಂದು ಜನ ಭಾವಿಸುತ್ತಾರೆ. ಲೆಕ್ಕಕ್ಕೆ ಮೂರು, ನಿಜಕ್ಕೆ ಒಂದು. ಡೆಸ್ಕ್‌ಟಾಪಿನಲ್ಲಿ ಕೈತಪ್ಪಿ ಒಂದು ಕೋಶವನ್ನು ಅಳಿಸಿದರೆ ಕೇಂದ್ರದಲ್ಲಿಯೂ ಲ್ಯಾಪ್‌ಟಾಪಿನಲ್ಲಿಯೂ ಅದು ಅಷ್ಟೇ ನಿಷ್ಠೆಯಿಂದ ಅಳಿಯುತ್ತದೆ. ಪಾಠೈಕ್ಯವೆಂಬುದು ಒಳಿತನ್ನು ಹೇಗೋ ಹಾಗೆಯೇ ಕೆಡಕನ್ನೂ ಹರಡುತ್ತದೆ.

ಇದಕ್ಕೆ ಲೋಕವಿದಿತವಾದ ನಿದರ್ಶನವಿದೆ. 2011ರ ಫೆಬ್ರವರಿ ಕೊನೆಯಲ್ಲಿ ಗೂಗಲ್ ಸಂಸ್ಥೆಯ ಜಿಮೇಲಿನಲ್ಲಿ ತಂತ್ರಾಂಶದ ದೋಷದಿಂದ ಕೆಲವು ಬಳಕೆದಾರರ ಪತ್ರಗಳೆಲ್ಲ ಕಾಣದಾದವು. ಅಂತಹವರು ಒಟ್ಟು ಬಳಕೆದಾರರಲ್ಲಿ ಶೇಕಡ 0.02ರಷ್ಟೆಂದು ಸಂಸ್ಥೆಯೇ ತಿಳಿಸಿತು. ಆ ಸಂಸ್ಥೆಯು ಪತ್ರಗಳ ಪ್ರತಿಗಳನ್ನು ಹಲವು ಕೇಂದ್ರಗಳಲ್ಲಿ ಇಟ್ಟಿತ್ತು. ಆದರೆ ಪರಸ್ಪರ ಹೊಂದಿಕೊಂಡ ಆ ಪ್ರತಿಗಳಿಗೂ ದೋಷವು ತಟ್ಟಿತು. ಕೊನೆಗೆ ಕಾಪಾಡಿದುದು ಕಾಂತಪಟ್ಟಿ, ಅಂದರೆ ಟೇಪು. ಜಾಲಕ್ಕೆ ಸೇರದೆ ಬೇರೆಯಾಗಿದ್ದ ಟೇಪುಗಳಿಂದ ಪತ್ರಗಳನ್ನು ಮರಳಿ ತುಂಬಿಸಲಾಯಿತು. ಅಷ್ಟು ದೊಡ್ಡ ಸಂಸ್ಥೆಗೇ ಹೊಂದಿಕೊಳ್ಳದ, ಹಿಂದುಳಿದ, ಸುಮ್ಮನಿದ್ದ ಪ್ರತಿಯೊಂದು ಬೇಕಾಯಿತೆಂದ ಮೇಲೆ ಊರಿನ ಶಾಲೆಗೆ ಬೇಡವೆನ್ನುವುದು ಹೇಗೆ?

ಹೀಗಿರಲು, ಎರಡು ಯಂತ್ರಗಳ ಐಕ್ಯದ ಹೊರಗೆ ಮೂರನೆಯ ಪ್ರತಿಯೊಂದು ಇರಲೇಬೇಕು. ತಿಂಗಳಿಗೊಮ್ಮೆ ಪತ್ರಗಳನ್ನೆಲ್ಲ ಒಂದು ಬಾಹ್ಯ ಡಿಸ್ಕಿಗೆ ನಕಲು ಮಾಡಿ, ದಿನಾಂಕವನ್ನು ಬರೆದು, ತಂತಿಯನ್ನು ಕಳಚಿ, ಬೀರುವಿನಲ್ಲಿಟ್ಟು ಬೀಗ ಹಾಕುವುದು ಯಾವ ಶಾಲೆಗೂ ಅಸಾಧ್ಯವಲ್ಲ. ಹಿಂದಿನ ತಿಂಗಳ ನಕಲನ್ನು ಈ ತಿಂಗಳ ನಕಲಿನಿಂದ ಅಳಿಸದೆ ಕೆಲವು ತಿಂಗಳವರೆಗೆ ಇಟ್ಟಿರುವುದು ಇನ್ನೂ ಒಳ್ಳೆಯದು. ತಪ್ಪು ತಿಳಿದುಬರುವುದಕ್ಕೆ ಸಮಯ ಹಿಡಿಯುತ್ತದೆ. ವರ್ಷಕ್ಕೊಮ್ಮೆಯಾದರೂ ಆ ನಕಲನ್ನು ತೆರೆದು ಪತ್ರಗಳು ಓದಲು ಬರುತ್ತವೆಯೇ ಎಂದು ನೋಡಬೇಕು. ತೆರೆದು ನೋಡದ ನಕಲು ಗೆದ್ದಲು ತಿಂದ ಓಲೆಯ ಕಟ್ಟಿನಂತೆ ಹೊರಗೆ ಮಾತ್ರ ಗ್ರಂಥ.

ಇಲ್ಲಿ ಎರಡು ಆಕ್ಷೇಪಗಳು ಬರುವುದುಂಟು. ಯಂತ್ರದಲ್ಲಿ ಪತ್ರಗಳನ್ನು ಇಡುವುದೇ ಬೇಡ, ಬ್ರೌಸರಿನಲ್ಲಿ ಕೇಂದ್ರವನ್ನೇ ತೆರೆದು ಓದಿದರೆ ಎರಡು ಪ್ರತಿಗಳ ಗೋಜೇ ಇಲ್ಲ ಎಂಬುದು ಮೊದಲನೆಯದು. ದಿನನಿತ್ಯದ ಓದಿಗೆ ಇದು ಸರಿಯಾದ ಮಾತೇ. ಆದರೆ ಗುಪ್ತಪದವನ್ನು ಕಳೆದುಕೊಂಡ ದಿನ, ಖಾತೆಯು ಯಾವುದೋ ಕಾರಣದಿಂದ ಮುಚ್ಚಿಹೋದ ದಿನ, ಇಡೀ ಪತ್ರವ್ಯವಹಾರಕ್ಕೆ ಬಾಗಿಲು ಹಾಕಿದಂತಾಗುತ್ತದೆ. ಪರರ ಉಗ್ರಾಣದಲ್ಲಿ ಧಾನ್ಯವನ್ನಿಡುವುದು ತಪ್ಪಲ್ಲ. ಮನೆಯಲ್ಲಿ ಬಿತ್ತನೆಯ ಬೀಜವನ್ನೂ ಇಡದಿರುವುದು ತಪ್ಪು.

ಎಲ್ಲವನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ ಕಟ್ಟಿಡುವುದೇ ಕ್ಷೇಮವೆಂಬುದು ಎರಡನೆಯ ಆಕ್ಷೇಪ. ಹಿರಿಯರಲ್ಲಿ ಈ ಅಭಿಪ್ರಾಯವು ಹೆಚ್ಚು, ಅದರಲ್ಲಿ ವಿವೇಕವೂ ಇದೆ. ಮುಖ್ಯವಾದ ಪತ್ರಗಳನ್ನು ಅಚ್ಚು ಹಾಕಿಸುವುದನ್ನು ಯಾರೂ ಬೇಡವೆನ್ನಲಾರರು. ಆದರೆ ಅಚ್ಚಾದ ಹಾಳೆಯು ಪತ್ರದ ಪೂರ್ಣರೂಪವಲ್ಲ. ಪತ್ರವು ಯಾವ ಯಂತ್ರದಿಂದ ಹೊರಟು ಯಾವ ಮಾರ್ಗವಾಗಿ ಯಾವ ಗಳಿಗೆಯಲ್ಲಿ ಬಂದಿತೆಂಬ ವಿವರಗಳು ಅದರ ಶಿರೋಭಾಗದಲ್ಲಿ ಅಡಗಿರುತ್ತವೆ. ಅಚ್ಚಿನಲ್ಲಿ ಅವು ಸಾಮಾನ್ಯವಾಗಿ ಬರುವುದಿಲ್ಲ. ಭಾರತದ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 7ನೆಯ ಪ್ರಕರಣವು ವಿದ್ಯುನ್ಮಾನ ದಾಖಲೆಯನ್ನು ಉಳಿಸಬೇಕಾದ ರೀತಿಯನ್ನು ಹೇಳುವಾಗ, ಅದು ಮುಂದೆ ನೋಡಲು ದೊರೆಯುವಂತಿರಬೇಕು, ಹುಟ್ಟಿದ ಅಥವಾ ಬಂದ ರೂಪವನ್ನು ಯಥಾರ್ಥವಾಗಿ ತೋರಿಸುವಂತಿರಬೇಕು, ಎಲ್ಲಿಂದ ಎಲ್ಲಿಗೆ ಎಂದು ಬಂದಿತೆಂಬ ವಿವರಗಳು ಅದರಲ್ಲಿರಬೇಕು ಎಂದು ವಿಧಿಸುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯೊಡನೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ‘ಹ್ಯಾಶ್’ ಎಂಬ ಮುದ್ರಾಂಕವನ್ನೂ ನಮೂದಿಸಬೇಕಾಗುತ್ತದೆ. ಒಂದಕ್ಷರ ಬದಲಾದರೂ ಆ ಅಂಕ ಬದಲಾಗುತ್ತದೆ. ಎರಡು ಯಂತ್ರಗಳಲ್ಲಿ ಎರಡು ಬಗೆಯಾಗಿರುವ ಪತ್ರವನ್ನು ಹಿಡಿದು ನ್ಯಾಯಾಸನದ ಮುಂದೆ ನಿಲ್ಲುವವನ ಅವಸ್ಥೆಯನ್ನು ಹೇಳಬೇಕಾಗಿಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಸಂಸ್ಥೆಯ ಪತ್ರವು ಯಾರ ಸ್ವತ್ತು? ಅನೇಕ ಕಡೆ ಶಾಲೆಯ ವ್ಯವಹಾರವು ಮುಖ್ಯೋಪಾಧ್ಯಾಯರ ಸ್ವಂತ ವಿಳಾಸದಲ್ಲಿ, ಅವರ ಸ್ವಂತ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಅವರು ನಿವೃತ್ತರಾದ ದಿನ ಹಾರ ಹಾಕಿ ಶಾಲು ಹೊದಿಸಿ ಕಳುಹಿಸುತ್ತಾರೆ. ಅವರೊಡನೆ ಶಾಲೆಯ ಹತ್ತು ವರ್ಷದ ನೆನಪೂ ಚೀಲದಲ್ಲಿ ಹೊರಟುಹೋಗುತ್ತದೆಂಬುದು ಯಾರಿಗೂ ಹೊಳೆಯುವುದಿಲ್ಲ. ಮಾರನೆಯ ವರ್ಷ ಅನುದಾನದ ಪ್ರಶ್ನೆ ಬಂದಾಗ, ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಪ್ರಮಾಣಪತ್ರದ ವಿಷಯವಾಗಿ ನಡೆದ ಪತ್ರವ್ಯವಹಾರವನ್ನು ಕೇಳಿಕೊಂಡು ಬಂದಾಗ, ಡೆಸ್ಕ್‌ಟಾಪಿನಲ್ಲಿ ಹುಡುಕಿದರೆ ಏನೂ ಇರುವುದಿಲ್ಲ. ಹಿಂದಿನ ಕಾಲದ ಆವಕ ಜಾವಕ ಪುಸ್ತಕವು ಎಷ್ಟೇ ಹಳೆಯದಾದರೂ ಕಾರ್ಯಾಲಯದ ಬೀರುವಿನಲ್ಲೇ ಇರುತ್ತಿತ್ತು. ಅದನ್ನು ಮನೆಗೆ ಒಯ್ಯುವ ಹಕ್ಕು ಯಾರಿಗೂ ಇರಲಿಲ್ಲ. ಆ ನಿಯಮವು ಕಾಗದಕ್ಕೆ ಮಾತ್ರ ಸಲ್ಲತಕ್ಕುದಲ್ಲ.

ಆದುದರಿಂದ ಪ್ರತಿಯೊಂದು ಶಾಲೆಯೂ ಹುದ್ದೆಯ ಹೆಸರಿನಲ್ಲಿ ವಿಳಾಸವನ್ನು ಹೊಂದಿರಬೇಕು, ವ್ಯಕ್ತಿಯ ಹೆಸರಿನಲ್ಲಲ್ಲ. ಆ ವಿಳಾಸದ ಪತ್ರಗಳು ಕೇಂದ್ರದಲ್ಲಿದ್ದು ಕಾರ್ಯಾಲಯದ ಡೆಸ್ಕ್‌ಟಾಪಿನಲ್ಲೂ ಅಧಿಕಾರದಲ್ಲಿರುವವರ ಲ್ಯಾಪ್‌ಟಾಪಿನಲ್ಲೂ ಒಂದೇ ಬಗೆಯಾಗಿ ಕಾಣಬೇಕು. ಅಧಿಕಾರ ಹಸ್ತಾಂತರವಾಗುವಾಗ ಬೀಗದ ಕೈ, ನಗದು, ದಾಸ್ತಾನು ಪುಸ್ತಕಗಳೊಡನೆ ಅಂಚೆಯ ಗುಪ್ತಪದವೂ ಹಸ್ತಾಂತರವಾಗಿ ಅಂದೇ ಬದಲಾಗಬೇಕು. ಹೊರಟವರ ಯಂತ್ರದಿಂದ ಶಾಲೆಯ ಖಾತೆಯನ್ನು ಅವರ ಸಮ್ಮುಖದಲ್ಲೇ ತೆಗೆಯಬೇಕು. ಇದು ಅವಿಶ್ವಾಸವಲ್ಲ, ಪದ್ಧತಿ. ನಕಲು ಮಾಡುವ ಹೊಣೆಯನ್ನು ಒಬ್ಬರ ಹೆಸರಿಗೆ ಹಚ್ಚಿ ಅದನ್ನು ಕಾರ್ಯಾಲಯದ ಕ್ಯಾಲೆಂಡರಿನಲ್ಲಿ ಗುರುತಿಸಬೇಕು. ಎಲ್ಲರ ಹೊಣೆಯಾದುದು ಯಾರ ಹೊಣೆಯೂ ಆಗದು.

ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೂ ಇದನ್ನು ಕಲಿಸುವುದು ಯೋಗ್ಯ. ಗಣಕಯಂತ್ರದ ಪಾಠದಲ್ಲಿ ಗುಂಡಿ ಒತ್ತುವುದನ್ನು ಕಲಿಸುವಷ್ಟೇ ಮುತುವರ್ಜಿಯಿಂದ, ಒಂದು ಬರಹದ ಎರಡು ಪ್ರತಿಗಳನ್ನು ಹೋಲಿಸಿ ಭೇದಗಳನ್ನು ಗುರುತಿಸುವುದನ್ನೂ, ಯಾವುದು ಲೋಪ ಯಾವುದು ಸೇರ್ಪಡೆ ಎಂದು ಕಾರಣಸಹಿತ ಹೇಳುವುದನ್ನೂ ಕಲಿಸಬಹುದು. ಕನ್ನಡದ ತರಗತಿಗೂ ಗಣಕದ ತರಗತಿಗೂ ನಡುವೆ ಗೋಡೆಯಿದೆಯೆಂದು ಬಗೆದಿರುವ ಮಕ್ಕಳಿಗೆ ಎರಡರಲ್ಲೂ ಕೇಳುತ್ತಿರುವ ಪ್ರಶ್ನೆ ಒಂದೇ ಎಂಬುದು ಆಗ ತಿಳಿಯುತ್ತದೆ. ಪ್ರತಿಯನ್ನು ನಂಬುವ ಮೊದಲು ಅದರ ಮಾತೃಕೆ ಯಾವುದೆಂದು ಕೇಳುವ ಅಭ್ಯಾಸವು ಮಿಂಚಂಚೆಗೆ ಮಾತ್ರವಲ್ಲದೆ ದಿನವೂ ಕೈಯಿಂದ ಕೈಗೆ ಹರಿದುಬರುವ ಸುದ್ದಿಗಳಿಗೂ ಉಪಕಾರಿ.

ಪತ್ರವು ಬಂದಿತೋ ಇಲ್ಲವೋ, ಉತ್ತರ ಹೋಯಿತೋ ಇಲ್ಲವೋ ಎಂಬ ಎರಡು ಸರಳ ಪ್ರಶ್ನೆಗಳಿಗೆ ಕಾರ್ಯಾಲಯದಲ್ಲಿ ಕುಳಿತವರೂ ದೂರದ ಊರಿನಲ್ಲಿರುವವರೂ ಒಂದೇ ಉತ್ತರವನ್ನು ಕೊಡುವಂತಾಗಬೇಕು. ಅದಕ್ಕೆ ಬೇಕಾದ ವಿದ್ಯೆಯು ನಲವತ್ತು ವರ್ಷಗಳಿಂದ ಸಿದ್ಧವಾಗಿದೆ, ಖರ್ಚೂ ಹೆಚ್ಚಿಲ್ಲ. ಒಂದು ಮಧ್ಯಾಹ್ನದ ಅವಧಿಯಲ್ಲಿ ಎರಡು ಯಂತ್ರಗಳ ಏರ್ಪಾಡನ್ನು ಸರಿಪಡಿಸಿ, ತಿಂಗಳಿಗೊಂದು ಗಂಟೆಯನ್ನು ನಕಲಿಗೆ ಮೀಸಲಿಟ್ಟರೆ ಸಾಕು. ಬರುವ ಶೈಕ್ಷಣಿಕ ವರ್ಷದ ಆರಂಭದಲ್ಲಿ, ದಾಖಲಾತಿಯ ಗಡಿಬಿಡಿ ಮುಗಿದ ಕೂಡಲೇ, ಶಾಲೆಗಳು ಇದನ್ನು ಕೈಗೆತ್ತಿಕೊಳ್ಳಲೆಂದು ಆಶಿಸಬಹುದಾಗಿದೆ.